ಹಾಸನ ಸೀಮೆಯ ವಿಮಾನ ನಿಲ್ದಾಣ: ಒಂದು ವಿವೇಚನೆ

ಹಾಸನದ ವಿಮಾನ ನಿಲ್ದಾಣದ ಪ್ರಸ್ತಾಪ ಬಂದಾಗಲೆಲ್ಲ ಬೇಲೂರು, ಹಳೇಬೀಡುಗಳ ಹೆಸರು ಮೊದಲು ಕೇಳಿಬರುವುದು ಸಹಜ. ಈ ಕ್ಷೇತ್ರಗಳ ಹೊಯ್ಸಳ ದೇವಾಲಯಗಳು ಸೋಮನಾಥಪುರದ ದೇವಾಲಯದೊಡನೆ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆದರೆ ಇಂಥ ಚಿಕ್ಕ ನಿಲ್ದಾಣವೊಂದು ಪ್ರೇಕ್ಷಣಾರ್ಥಿಗಳನ್ನೇ ನಂಬಿ ಬದುಕಬಲ್ಲುದೆ ಎಂಬ ಪ್ರಶ್ನೆಯನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಇದಕ್ಕೆ ಅರಸೀಕೆರೆಯ ಚರಿತ್ರೆಯೇ ಒಂದು ನಿದರ್ಶನ. ಸದರನ್ ಮರಾಠಾ ರೈಲ್ವೆಯ ಬೆಂಗಳೂರು–ಹರಿಹರ ಮಾರ್ಗ 1889ರಲ್ಲಿ ಪೂರ್ಣಗೊಂಡಿತು. ಮುಂದೆ ಮೈಸೂರಿನಿಂದ ಹಾಸನದ ಮೇಲೆ ಬಂದ ಮಾರ್ಗವೂ ಕೂಡಿ ಅರಸೀಕೆರೆ ಜಂಕ್ಷನ್ ಆಯಿತು. ಬೇಲೂರು, ಹಳೇಬೀಡುಗಳಿಗೆ ಹೋಗುವವರು ಬಹುಕಾಲ ಇಲ್ಲಿ ಇಳಿದು ಮುಂದೆ ಸಾಗುತ್ತಿದ್ದರು. ಆದರೆ ಊರಿನ ವ್ಯಾಪಾರಕ್ಕೆ ಆಧಾರವಾದುದು ಅವರ ಚೀಟಿಯ ಹಣಕ್ಕಿಂತ ಹೆಚ್ಚಾಗಿ ಸುತ್ತಣ ತೋಟಗಳ ತೆಂಗು, ಕೊಬ್ಬರಿ. ಊರೊಳಗಿನ ಈಶ್ವರ ದೇವಾಲಯದ ನಕ್ಷತ್ರಾಕಾರದ ಮುಖಮಂಟಪ ಹೊಯ್ಸಳ ಶಿಲ್ಪದಲ್ಲಿ ಅಪೂರ್ವವಾದುದು. ರೈಲಿಳಿದವರಲ್ಲಿ ಅದನ್ನು ನೋಡಿದವರೆಷ್ಟು ಮಂದಿಯೋ!

ವಿಮಾನಕ್ಕೆ ಕೊಬ್ಬರಿಯಂಥ ಭಾರದ ಸರಕು ಒಗ್ಗದು. ಅದರ ಆದಾಯವೆಲ್ಲ ಬಹುಮಟ್ಟಿಗೆ ಪ್ರಯಾಣಿಕರಿಂದಲೇ ಬರಬೇಕು. ವೆಚ್ಚವಾದರೋ ಅಲ್ಪವಲ್ಲ. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ, ರಾಜ್ಯ ಸರ್ಕಾರವೇ ನಡೆಸಲು ವಹಿಸಿಕೊಂಡ ಶಿವಮೊಗ್ಗದ ನಿಲ್ದಾಣವನ್ನು ನೋಡಬಹುದು. ಅದರ ರನ್‌ವೇ 3.2 ಕಿ.ಮೀ. ಉದ್ದ, ಟರ್ಮಿನಲ್ಲು ಗಂಟೆಗೆ 300 ಮಂದಿಯನ್ನು ಸಾಗಿಸುವಷ್ಟು ದೊಡ್ಡದು. ಇವಲ್ಲದೆ ನಿಯಂತ್ರಣ ಗೋಪುರ, ಅಗ್ನಿಶಾಮಕ ದಳ, ಭದ್ರತಾ ತಪಾಸಣೆ, ಹವಾಮಾನದ ವರದಿ ಇಷ್ಟೂ ಇರಬೇಕು. ದಿನಕ್ಕೆ ಒಂದೇ ವಿಮಾನ ಬಂದರೂ ಸಿಬ್ಬಂದಿಯನ್ನು ಕಡಿಮೆ ಮಾಡುವಂತಿಲ್ಲ. ಕಟ್ಟಡವನ್ನು ಎಲ್ಲರೂ ನೋಡಿ ಮೆಚ್ಚುತ್ತಾರೆ. ಮಲೆನಾಡಿನ ಮಂಜಿನಲ್ಲಿ ವಿಮಾನವನ್ನು ಇಳಿಸುವುದು ಮಾತ್ರ ಕಣ್ಣಿಗೆ ಬೀಳದ ದೀಪ ಮತ್ತು ಪಥದರ್ಶಕ ಉಪಕರಣಗಳು. ಶಿವಮೊಗ್ಗದಲ್ಲಿ ಆರಂಭದಲ್ಲಿ ರಾತ್ರಿ ಇಳಿಯುವ ಸೌಕರ್ಯ ಒದಗಿರಲಿಲ್ಲ.

ಕೇಂದ್ರದ ಉಡಾನ್ ಯೋಜನೆಯಲ್ಲಿ 2017ರಿಂದ ಇಂಥ ಮಾರ್ಗಗಳಿಗೆ ಸಹಾಯಧನ ಸಲ್ಲುತ್ತಿದೆಯಾದರೂ ಒಂದು ಮಾರ್ಗಕ್ಕೆ ಅದು ಕೆಲವೇ ವರ್ಷಗಳ ಅವಧಿಯದು. ಬೀದರ್–ಬೆಂಗಳೂರು ಸಂಚಾರ 2020ರಲ್ಲಿ ಆರಂಭವಾಯಿತು. ನಡುವೆ ನಿಂತುಹೋಗಿ 2025ರಲ್ಲಿ ಮತ್ತೆ ತೊಡಗಿತು.

ಹಾಸನದ ಹೊರವಲಯದ ಬೂವನಹಳ್ಳಿಯಲ್ಲಿ 2007ರಲ್ಲಿ ಅಡಿಗಲ್ಲು ಬಿದ್ದು, ಕೆಲಸ ನಿಂತು, 2021ರಲ್ಲಿ ಸರ್ಕಾರ ಅದನ್ನು ಪುನಃ ಕೈಗೆತ್ತಿಕೊಂಡಿತು. ಈ ನಡುವೆ ಭೂಮಿಯ ಪರಿಹಾರದ ಪ್ರಶ್ನೆಯೂ ಎದ್ದಿತು. ಹಾಸನದಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 185 ಕಿ.ಮೀ.; ನಿಲ್ದಾಣಕ್ಕೆ ಮುಂಚಿತವಾಗಿ ಹೋಗಿ ಕಾಯುವ ಹೊತ್ತನ್ನು ಕೂಡಿಸಿದರೆ, ಅಷ್ಟು ದೂರಕ್ಕೆ ಆಕಾಶಮಾರ್ಗದಿಂದ ಉಳಿಯುವ ಸಮಯ ಅತ್ಯಲ್ಪ. ಮುಂಬಯಿ, ಹೈದರಾಬಾದು, ಚೆನ್ನೈಗಳಿಗೆ ನೇರ ಸಂಚಾರ ದೊರೆತರೆ ಆಗ ಲೆಕ್ಕ ಬೇರೆ. ಅದರಲ್ಲಿ ಹೊರಡುವವರು ಬಹುಪಾಲು ಈ ಜಿಲ್ಲೆಯ ವಿದ್ಯಾರ್ಥಿಗಳು, ಕಾಫಿ ಬೆಳೆಗಾರರು, ರೋಗಿಗಳೇ ಆಗುತ್ತಾರೆಂದು ನಾವು ಭಾವಿಸುತ್ತೇವೆ. ಬೇಲೂರಿಗೆ ಬರುವವನಿಗೆ ವಿಮಾನವಿಳಿದ ಮೇಲೂ ಸುಮಾರು 40 ಕಿ.ಮೀ. ದಾರಿ ಉಂಟು, ಆ ದಾರಿಯ ಬಸ್ಸಿನ ಏರ್ಪಾಡು ರನ್‌ವೇಯೊಡನೆಯೇ ಯೋಜನೆಯಲ್ಲಿ ಸೇರಬೇಕು.