ಜುವಾರಿ ದಡದ ಹಡಗುಕಟ್ಟೆ

1961ರ ಡಿಸೆಂಬರ್ 18ರಂದು ಮರ್ಮಗೋವಾ ಬಂದರಿನಲ್ಲಿ ಪೋರ್ಚುಗೀಸರ ‘ಅಫೊನ್ಸೊ ದ ಅಲ್ಬುಕರ್ಕ್’ ನೌಕೆಯ ಮೇಲೆ ಗುಂಡಿನ ಮಳೆಗರೆದ ಭಾರತದ ಬೇತ್ವಾ, ಬಿಯಾಸ್ ಫ್ರಿಗೇಟುಗಳೆರಡೂ ಬ್ರಿಟನ್ನಿನಲ್ಲಿ ತಯಾರಾದವು. ದೊಡ್ಡ ಯುದ್ಧನೌಕೆ ಬೇಕೆಂದರೆ ಆಗ ಹೊರದೇಶಕ್ಕೇ ಹೋಗಬೇಕಿತ್ತು. ಅಂದು ಆ ಬಂದರಿನ ಮಗ್ಗುಲಲ್ಲೇ, ವಾಸ್ಕೊ ಊರಿನ ಜುವಾರಿ ದಡದಲ್ಲಿ, ನಾಲ್ಕು ವರ್ಷದ ಹಿಂದಷ್ಟೇ ಶುರುವಾಗಿದ್ದ ಒಂದು ಸಣ್ಣ ರಿಪೇರಿ ಕಟ್ಟೆಯಿತ್ತು. ಇವತ್ತು ಫ್ರಿಗೇಟುಗಳು ತಯಾರಾಗುತ್ತಿರುವ ಗೋವಾ ಶಿಪ್‌ಯಾರ್ಡ್ ಅದೇ.

ಅದನ್ನು ಹುಟ್ಟುಹಾಕಿದ್ದು ಯುದ್ಧವಲ್ಲ, ಅದಿರು. ಐವತ್ತರ ದಶಕದಲ್ಲಿ ಗೋವಾದ ಕಬ್ಬಿಣದ ಅದಿರಿಗೆ ಜಪಾನಿನಿಂದ, ಯುರೋಪಿನಿಂದ ಬೇಡಿಕೆ ಏರುತ್ತಿತ್ತು. ಒಳನಾಡಿನ ಗಣಿಗಳಿಂದ ಮಾಂಡೋವಿ, ಜುವಾರಿ ನದಿಗಳ ಮೇಲೆ ಬಾರ್ಜ್‌ಗಳು ಸಾಲುಸಾಲಾಗಿ ಬಂದರಿಗೆ ಅದಿರು ಹೊರುತ್ತಿದ್ದವು. ಅವುಗಳ ದುರಸ್ತಿಗೆಂದು ಪೋರ್ಚುಗೀಸ್ ಆಡಳಿತದಲ್ಲಿ, 1957ರಲ್ಲಿ, ‘ಎಸ್ತಲೇರೊಸ್ ನವಾಯಿಸ್ ದ ಗೋವಾ’ ಎಂಬ ಕಂಪನಿ ಸ್ಥಾಪನೆಯಾಯಿತು. ಗೋವಾ ವಿಮೋಚನೆಯ ಬಳಿಕ ಕಟ್ಟೆಯ ಹೊಣೆ ಮುಂಬೈನ ಮಜಗಾಂವ್ ಡಾಕ್‌ಗೆ ಬಂತು. 1967ರಲ್ಲಿ ಅದು ಗೋವಾ ಶಿಪ್‌ಯಾರ್ಡ್ ಆಯಿತು. ಮುಂದೆ ರಕ್ಷಣಾ ಸಚಿವಾಲಯದಡಿಯ ಸಾರ್ವಜನಿಕ ಉದ್ದಿಮೆಯಾಗಿ ಬೆಳೆಯಿತು.

ಆರಂಭದಲ್ಲಿ ಬಾರ್ಜ್, ಟಗ್, ಲ್ಯಾಂಡಿಂಗ್ ಕ್ರಾಫ್ಟ್‌ನಂಥ ಸಣ್ಣ ಕೆಲಸಗಳೇ ಹೆಚ್ಚು. ಕಟ್ಟೆಯ ಅದೃಷ್ಟ ಕುದುರಿದ್ದು ದೆಹಲಿಯ ಒಂದು ಕಾನೂನಿನಿಂದ. 1976ರ ಕಡಲ ವಲಯ ಕಾಯ್ದೆಯು ಕರಾವಳಿಯಿಂದ 200 ನಾಟಿಕಲ್ ಮೈಲಿವರೆಗಿನ ಸಂಪತ್ತಿನ ಮೇಲೆ ದೇಶದ ಹಕ್ಕನ್ನು ಸಾರಿತು. ಹಕ್ಕು ಸಾರಿದ ಮೇಲೆ ಕಾವಲೂ ಬೇಕಲ್ಲ? ಕಳ್ಳಸಾಗಣೆಯ ಕಾಟವೂ ಜೋರಾಗಿತ್ತು. 1977ರಲ್ಲಿ ಕರಾವಳಿ ಕಾವಲು ಪಡೆ ಕೆಲಸ ಆರಂಭಿಸಿತು. ಅದಕ್ಕೆ ಬೇಕಿದ್ದುದು ಕ್ಷಿಪಣಿ ಹೊತ್ತ ಭಾರೀ ನೌಕೆಗಳಲ್ಲ. ವಾರಗಟ್ಟಲೆ ಕಡಲಲ್ಲಿ ನಿಂತು ಗಸ್ತು ತಿರುಗಬಲ್ಲ ಮಧ್ಯಮ ಗಾತ್ರದ ಹಡಗುಗಳು. ಈ ಅಳತೆ ಗೋವಾಕ್ಕೆ ಹೇಳಿ ಮಾಡಿಸಿದಂತಿತ್ತು. 1996ರಲ್ಲಿ ‘ಸಮರ್’, 2008ರಲ್ಲಿ ‘ಸಂಕಲ್ಪ್’, 2015ರಿಂದ ‘ಸಮರ್ಥ್’ ಸರಣಿ, ಹೀಗೆ ಗಸ್ತು ನೌಕೆಗಳು ಒಂದರ ಹಿಂದೊಂದು ಕಾವಲು ಪಡೆಯ ಸೇವೆಗೆ ಸೇರಿದವು. ನೌಕಾಪಡೆಗಾಗಿ ಇಲ್ಲೇ ವಿನ್ಯಾಸಗೊಂಡ 105 ಮೀಟರ್ ಉದ್ದದ ‘ಸರಯೂ’ 2013ರಲ್ಲಿ ಸೇವೆಗೆ ಸೇರಿತು. ಶ್ರೀಲಂಕಾ ನೌಕಾಪಡೆಗೂ ಇಲ್ಲಿಂದ ಎರಡು ಗಸ್ತು ನೌಕೆಗಳು ಹೋದವು.

ನಡುವೆ ಒಂದು ಬೇರೆಯೇ ಬಗೆಯ ಕೆಲಸವೂ ಬಂತು. ಬ್ರಿಟನ್ನಿನ ಕಾಲಿನ್ ಮಡಿ ವಿನ್ಯಾಸ ಮಾಡಿದ ‘ತರಂಗಿಣಿ’, ಮೂರು ಕೂವೆಮರಗಳ, ಇಪ್ಪತ್ತು ಹಾಯಿಗಳ ತರಬೇತಿ ಹಡಗು. 1997ರಲ್ಲಿ ನೌಕಾಪಡೆ ಸೇರಿದ ಅದು 2003–04ರಲ್ಲಿ ಭೂಮಿಗೆ ಒಂದು ಸುತ್ತು ಹಾಕಿ ಬಂತು.

ಹಡಗು ದೊಡ್ಡದಾದಂತೆ ಅದನ್ನು ನೀರಿಗಿಳಿಸುವ ಬಗೆಯೂ ಬದಲಾಗಬೇಕಾಯಿತು. ಹಳೆಯ ಪದ್ಧತಿಯಲ್ಲಿ ಇಳಿಜಾರು ಕಟ್ಟೆಯ ಮೇಲಿಂದ ಹಡಗನ್ನು ಜಾರಿಸುತ್ತಾರೆ. ಗೋವಾದಲ್ಲಿ ಈಗ ಸುಮಾರು 6000 ಟನ್ ಸಾಮರ್ಥ್ಯದ ಶಿಪ್‌ಲಿಫ್ಟ್ ಇದೆ. ಸಮತಟ್ಟಾದ ನೆಲದ ಮೇಲೆ ಸಿದ್ಧವಾದ ಹಡಗನ್ನು ಒಂದು ವೇದಿಕೆಗೆ ಸಾಗಿಸಿ, ಇಕ್ಕೆಲದ ವಿಂಚ್‌ಗಳ ಬಲದಿಂದ ವೇದಿಕೆಯ ಸಮೇತ ಮೆಲ್ಲಗೆ ನೀರಿಗಿಳಿಸುತ್ತಾರೆ. ದುರಸ್ತಿಗೆ ಬಂದ ಹಡಗನ್ನು ಮೇಲೆತ್ತುವುದೂ ಹೀಗೆಯೇ.

ಕೈಗೆ ಬಂದ ತುತ್ತು ಬಾಯಿಗೆ ಬಾರದ ಪ್ರಸಂಗವೂ ಈ ಚರಿತ್ರೆಯಲ್ಲಿದೆ. ಕಡಲೊಳಗಿನ ಸ್ಫೋಟಕಗಳನ್ನು ಪತ್ತೆಹಚ್ಚುವ ಹನ್ನೆರಡು ನೌಕೆಗಳನ್ನು ದಕ್ಷಿಣ ಕೊರಿಯಾದ ಕಂಪನಿಯೊಂದರ ನೆರವಿನಿಂದ ಇಲ್ಲಿ ನಿರ್ಮಿಸುವ ಯೋಜನೆಯಿತ್ತು. ಅಂದಾಜು ವೆಚ್ಚ ಸುಮಾರು 32,000 ಕೋಟಿ ರೂಪಾಯಿ. ಅದಕ್ಕೆಂದೇ ಕಟ್ಟೆಯನ್ನು ವಿಸ್ತರಿಸುತ್ತಿರುವಾಗಲೇ, 2018ರಲ್ಲಿ, ಮಾತುಕತೆ ಮುರಿದುಬಿತ್ತು. ಮರುವರ್ಷದ ಜನವರಿಯಲ್ಲಿ ಎರಡು ಫ್ರಿಗೇಟುಗಳ ಗುತ್ತಿಗೆ ಸಿಕ್ಕಿತು. ರಷ್ಯಾದ ವಿನ್ಯಾಸ, ಉಕ್ರೇನಿನ ಟರ್ಬೈನು, ಗೋವಾದ ಕೆಲಸಗಾರರು. 2024ರ ಜುಲೈನಲ್ಲಿ ‘ತ್ರಿಪುಟ್’, 2025ರ ಮಾರ್ಚ್‌ನಲ್ಲಿ ‘ತವಸ್ಯ’ ನೀರಿಗಿಳಿದವು. ಎರಡೂ ಸುಮಾರು 125 ಮೀಟರ್ ಉದ್ದದವು.

ಸುದ್ದಿಯಾಗುವುದು ಫ್ರಿಗೇಟುಗಳೇ. ಆದರೆ 2023ರ ಮಾರ್ಚ್‌ನಲ್ಲಿ ನೌಕಾಪಡೆ ಹನ್ನೊಂದು ಹೊಸ ಪೀಳಿಗೆಯ ಗಸ್ತು ನೌಕೆಗಳಿಗೆ ಗುತ್ತಿಗೆ ಕೊಟ್ಟಾಗ ಏಳು ಗೋವಾದ ಪಾಲಿಗೆ ಬಂದವು. ಉಳಿದ ನಾಲ್ಕು ಕೋಲ್ಕತ್ತದ ಗಾರ್ಡನ್ ರೀಚ್ ಹಡಗುಕಟ್ಟೆಗೆ. ಫ್ರಿಗೇಟಿನ ನಕ್ಷೆಗೆ ಇನ್ನೂ ಹೊರಗಿನವರನ್ನು ನೆಚ್ಚಬೇಕು, ಗಸ್ತು ನೌಕೆಯ ನಕ್ಷೆಗೆ ಬೇಕಿಲ್ಲ. ಸಣ್ಣ ಹಡಗುಗಳ ಮೇಲೆ ದಶಕಗಟ್ಟಲೆ ಪಳಗಿದ ಕೈ ಈ ಕಟ್ಟೆಗೆ ಗಳಿಸಿಕೊಟ್ಟ ಆಸ್ತಿ ಅದು.