ಅರಮನೆಯ ವೇಷದ ಸಾಲುಮನೆಗಳು

ಲಂಡನ್ನಿನ ಬ್ಲೂಮ್ಸ್‌ಬರಿ ಪ್ರದೇಶದ ಬೆಡ್‌ಫರ್ಡ್ ಚೌಕದಲ್ಲಿ ನಿಂತವರಿಗೆ ನಾಲ್ಕು ದಿಕ್ಕಿಗೂ ಒಂದೊಂದು ಅರಮನೆ ಕಾಣುತ್ತದೆ. ನಡುವೆ ಗಾರೆ ಮೆತ್ತಿದ ಮುಂಭಾಗ, ಅದರ ನೆತ್ತಿಯ ಮೇಲೆ ತ್ರಿಕೋನ ಮುಕುಟ, ಎಡಬಲಕ್ಕೆ ಇಟ್ಟಿಗೆಯ ನೀಳ ರೆಕ್ಕೆಗಳು. ಬಾಗಿಲುಗಳನ್ನು ಎಣಿಸತೊಡಗಿದರೆ ಮಾತ್ರ ಗುಟ್ಟು ಬಯಲಾಗುತ್ತದೆ. ಇವು ಅರಮನೆಗಳಲ್ಲ, ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು.

ಚೌಕ ನಿರ್ಮಾಣವಾದದ್ದು 1775ರಿಂದ 1783ರವರೆಗಿನ ಅವಧಿಯಲ್ಲಿ. ಜಮೀನು ಬೆಡ್‌ಫರ್ಡ್ ಡ್ಯೂಕ್ ಮನೆತನದ್ದು. ಮನೆತನ ತಾನೇ ಮನೆ ಕಟ್ಟಿಸುವ ಗೋಜಿಗೆ ಹೋಗದೆ ನಿವೇಶನಗಳನ್ನು ದೀರ್ಘಾವಧಿ ಗುತ್ತಿಗೆಗೆ ಕೊಟ್ಟಿತು. ಮುಂಭಾಗವೆಲ್ಲ ಒಂದೇ ತೆರನಾಗಿರಬೇಕು, ಒಳಗಿನ ಏರ್ಪಾಡು ಅವರವರ ಇಷ್ಟ ಎಂಬುದು ವ್ಯವಸ್ಥೆ. ವಿನ್ಯಾಸದ ಜೊತೆ ಸಾಮಾನ್ಯವಾಗಿ ಕೇಳಿಬರುವ ಹೆಸರು ಥಾಮಸ್ ಲೆವರ್ಟನ್‌ನದು. ಹದಿಮೂರನೆಯ ನಂಬರಿನ ಮನೆಯಲ್ಲಿ ಆತನೇ ವಾಸವಾಗಿದ್ದ.

ಈ ವೇಷ ಒಂದೆಡೆ ಸಡಿಲವಾಗಿದೆ. ಉತ್ತರ ಮತ್ತು ದಕ್ಷಿಣದ ಸಾಲುಗಳ ಮಧ್ಯಭಾಗದಲ್ಲಿ ಐದು ಅರೆಗಂಬಗಳಿವೆ. ಶಾಸ್ತ್ರೀಯ ವಾಸ್ತುಶಿಲ್ಪದ ನಿಯಮದಂತೆ ಮುಕುಟದ ನಟ್ಟನಡುವೆ ತೆರಪು ಇರಬೇಕೇ ಹೊರತು ಕಂಬವಲ್ಲ. ಇಲ್ಲಿ ಕಂಬವೇ ನಿಂತಿದೆ. ಏಕೆಂದರೆ ಮುಕುಟದಡಿ ಇರುವುದು ಒಂದು ಮನೆಯಲ್ಲ, ಎರಡು.

ಇಷ್ಟೊಂದು ಇಟ್ಟಿಗೆ ಏಕೆ? 1666ರ ಮಹಾ ಅಗ್ನಿದುರಂತದಲ್ಲಿ ಲಂಡನ್ನಿನ ಸುಮಾರು 13,200 ಮನೆಗಳು ಬೂದಿಯಾದವು. ನಂತರ ಬಂದ ಕಾನೂನುಗಳು ಮರವನ್ನು ಮುಂಭಾಗದಿಂದ ಹಂತಹಂತವಾಗಿ ಹಿಂದಕ್ಕೆ ತಳ್ಳಿದವು. 1707ರಲ್ಲಿ ಸೂರಿನಂಚಿನ ಮರದ ಅಲಂಕಾರಕ್ಕೆ ನಿಷೇಧ ಬಂತು. ಛಾವಣಿ ಮೋಟುಗೋಡೆಯ ಹಿಂದೆ ಅಡಗಿತು. 1709ರಲ್ಲಿ ಕಿಟಕಿಯ ಚೌಕಟ್ಟು ಗೋಡೆಯ ಹೊರಮೈಯಿಂದ ನಾಲ್ಕು ಅಂಗುಲ ಒಳಸರಿಯಬೇಕಾಯಿತು. 1774ರ ಕಾಯ್ದೆ ಅದನ್ನು ಇಟ್ಟಿಗೆಯ ಮರೆಗೇ ಸೇರಿಸಿತು. ಇಂದು ನಾವು ಮೆಚ್ಚುವ ಕಿಟಕಿಗಳ ಆ ಆಳವಾದ ನೆರಳು ಬೆಂಕಿಯ ಭಯದ ಕೊಡುಗೆ!

ಬಾಗಿಲುಗಳ ಸೊಗಸು ಬೇರೆಯೇ. ಸುತ್ತ ಹುಳು ಕೊರೆದಂತೆ ಕಾಣುವ ಬಿಳಿ ಕಲ್ಲುಗಳು, ಕಮಾನಿನ ನೆತ್ತಿಯಲ್ಲಿ ಗಡ್ಡದ ಮುಖ. ವಾಸ್ತವವಾಗಿ ಇದು ಕಲ್ಲಲ್ಲ, ಅಚ್ಚಿನಲ್ಲಿ ಒತ್ತಿ ಕುಲುಮೆಯಲ್ಲಿ ಸುಟ್ಟ ಜೇಡಿಮಣ್ಣು. ತಯಾರಿಸಿದವಳು ಎಲಿನಾರ್ ಕೋಡ್ ಎಂಬ ಮಹಿಳೆ. 1769ರಲ್ಲಿ ಥೇಮ್ಸ್ ನದಿಯಾಚೆಯ ಲ್ಯಾಂಬೆತ್‌ನಲ್ಲಿ ಕಾರ್ಖಾನೆಯ ಹೊಣೆ ಹೊತ್ತ ಆಕೆ 1821ರಲ್ಲಿ ತೀರಿಕೊಳ್ಳುವವರೆಗೂ ಆ ಉದ್ಯಮದ ಒಡತಿ. ಹೊಗೆ, ಮಳೆಗೆ ನಿಜವಾದ ಕಲ್ಲು ಸವೆದರೂ ಆಕೆಯ ಕಲ್ಲು ಸವೆಯುವುದು ಅಪರೂಪ.

ಗೋಡೆಯ ಮೇಲೆ ಅಂತಸ್ತನ್ನೂ ಓದಬಹುದು. ಅತಿಥಿಗಳನ್ನು ಬರಮಾಡಿಕೊಳ್ಳುವ ಮೊದಲ ಮಹಡಿಯ ಕಿಟಕಿಗಳು ಅತಿ ಎತ್ತರ, ಮೇಲೇರಿದಂತೆ ಗಿಡ್ಡ. ಮೇಲ್ತುದಿಯ ಕೋಣೆಗಳಲ್ಲಿ ಮಲಗುವ ಆಳುಗಳು ಹಗಲೆಲ್ಲ ದುಡಿಯುತ್ತಿದ್ದುದು ನೆಲಮಾಳಿಗೆಯ ಅಡುಗೆಮನೆಯಲ್ಲಿ.

ಭಾರತೀಯರಿಗೆ ಇಲ್ಲಿ ನೆನಪಿನ ಮನೆಯೊಂದಿದೆ. 1831ರಲ್ಲಿ ಇಂಗ್ಲೆಂಡಿಗೆ ಬಂದ ರಾಜಾ ರಾಮಮೋಹನ ರಾಯರು ಚೌಕದಲ್ಲಿ ತಂಗಿದ್ದರು. 49ನೇ ಮನೆಯ ಗೋಡೆಯ ಫಲಕ ಅದನ್ನು ಸಾರುತ್ತದೆ.

ಸಮೀಪದ ಟಾರಿಂಗ್ಟನ್ ಚೌಕದ ಸಾಲುಮನೆಗಳಲ್ಲಿ ಹೆಚ್ಚಿನವು ಇಪ್ಪತ್ತನೇ ಶತಮಾನದಲ್ಲಿ ವಿಶ್ವವಿದ್ಯಾಲಯದ ಕಟ್ಟಡಗಳಿಗಾಗಿ ನೆಲಸಮವಾದವು. ಬೆಡ್‌ಫರ್ಡ್ ಚೌಕದ ನಾಲ್ಕೂ ಬದಿ ಉಳಿದಿವೆ, ಮೊದಲ ದರ್ಜೆಯ ಕಾನೂನು ರಕ್ಷಣೆಯೂ ಇದೆ. ಮನೆಗಳಲ್ಲಿ ಬಹಳಷ್ಟು ಈಗ ಕಚೇರಿಗಳು. ನಡುವಿನ ಉದ್ಯಾನ ಮಾತ್ರ ಇಂದಿಗೂ ಖಾಸಗಿ. ಸಾಮಾನ್ಯ ದಿನಗಳಲ್ಲಿ ದಾರಿಹೋಕರು ಕಬ್ಬಿಣದ ಬೇಲಿಯಾಚೆ ನಿಂತೇ ಮರಗಳನ್ನು ನೋಡಬೇಕು.