ಮನೆ ಕಂದಾಯ: ಕೊಡುವವನ ಹೊಣೆ, ಕೇಳುವವನ ಹಕ್ಕು

ಊರಿನ ನಗರಸಭೆಯು ಮನೆ ಕಂದಾಯವನ್ನು ಏರಿಸಲಿದೆ ಎಂಬ ಸುದ್ದಿ ಹರಡಿದೊಡನೆ ಎಲ್ಲೆಡೆಯೂ ಒಂದೇ ಮಾತು ಕೇಳಿಬರುತ್ತದೆ: ‘ನಲ್ಲಿಯಲ್ಲಿ ನೀರಿಲ್ಲ, ಚರಂಡಿಯಲ್ಲಿ ಹೂಳು ತುಂಬಿದೆ, ಮತ್ತೇಕೆ ಹೆಚ್ಚಿನ ಕಂದಾಯ?’ ನಗರಸಭೆಯ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ‘ಹಣವಿಲ್ಲದೆ ನೀರನ್ನು ತರುವುದು ಹೇಗೆ?’ ಎರಡು ಮಾತುಗಳೂ ನಿಜವೇ. ಈ ಬಿಕ್ಕಟ್ಟನ್ನು ಅರಿಯಬೇಕಾದರೆ ಕಂದಾಯದ ಸ್ವರೂಪವನ್ನು ತುಸು ಹತ್ತಿರದಿಂದ ನೋಡಬೇಕು.

ಆದಾಯದ ಮೇಲಿನ ತೆರಿಗೆ ಕೇಂದ್ರ ಸರ್ಕಾರದ್ದು. ಸರಕು ಮತ್ತು ಸೇವೆಗಳ ಮೇಲಿನ ತೆರಿಗೆಯನ್ನು ಕೇಂದ್ರವೂ ರಾಜ್ಯಗಳೂ ಹಂಚಿಕೊಂಡಿವೆ. ಊರಾಡಳಿತದ ಪಾಲಿಗೆ ಉಳಿದ ಮುಖ್ಯ ಆದಾಯವೆಂದರೆ ಮನೆ, ಅಂಗಡಿ, ನಿವೇಶನಗಳ ಮೇಲಿನ ಕಂದಾಯ. ಹಿಂದೆ ಊರಿನ ಗಡಿಯಲ್ಲಿ ಸರಕುಗಳ ಮೇಲೆ ಆಕ್ಟ್ರಾಯ್ ಎಂಬ ಸುಂಕವನ್ನು ವಸೂಲು ಮಾಡುತ್ತಿದ್ದರು. ಕರ್ನಾಟಕದಲ್ಲಿ 1979ರಲ್ಲಿ ಅದು ರದ್ದಾಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯಲ್ಲಿ ಪೌರಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿಮಾಡಿತು. ಆದರೆ ಯಾವ ತೆರಿಗೆಯನ್ನು ಅವು ವಿಧಿಸಬಹುದೆಂಬ ತೀರ್ಮಾನವನ್ನು ರಾಜ್ಯದ ಶಾಸಕಾಂಗಕ್ಕೇ ಬಿಟ್ಟಿತು. ಹೊಣೆ ಬೆಳೆದಷ್ಟು ಬೊಕ್ಕಸ ಬೆಳೆಯಲಿಲ್ಲ.

ಬಹುಕಾಲ ಕಂದಾಯಕ್ಕೆ ಆಧಾರವಾಗಿದ್ದುದು ವಾರ್ಷಿಕ ಬಾಡಿಗೆ. ಅಂದರೆ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬರಬಹುದೆಂಬ ಅಂದಾಜು. ಇದು ನ್ಯಾಯವಾಗಿಯೇ ತೋರುತ್ತದೆ. ಆದರೆ ಬಾಡಿಗೆ ನಿಯಂತ್ರಣದ ಕಾನೂನು ಬಾಡಿಗೆಯನ್ನು ಹಿಡಿದಿಟ್ಟಿತ್ತು. ದೆಹಲಿಯ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1979ರಲ್ಲಿ, ಆ ಕಾನೂನು ಒಪ್ಪುವ ಬಾಡಿಗೆಯನ್ನು ಮೀರಿ ಕಂದಾಯದ ಮೌಲ್ಯವನ್ನು ನಿಗದಿಪಡಿಸಲಾಗದು ಎಂದಿತು. ಇಂಥ ವ್ಯವಸ್ಥೆಯಲ್ಲಿ ಪೇಟೆಯ ನಡುವಿನ ಹಳೆಯ ಕಟ್ಟಡಕ್ಕೆ ಅಲ್ಪ ಕಂದಾಯ, ಊರ ಹೊರಗಿನ ಹೊಸ ಮನೆಗೆ ಹೆಚ್ಚಿನ ಕಂದಾಯ ಬೀಳುವುದು ವಿಚಿತ್ರವೇನಲ್ಲ. ಜೊತೆಗೆ, ಅಂದಾಜು ಮಾಡುವವನು ಅಧಿಕಾರಿ. ಅವನ ಮರ್ಜಿಗೆ ಎಡೆಯಿರುವಲ್ಲಿ ಚೌಕಾಶಿಗೂ ಎಡೆಯಿರುತ್ತದೆ.

ಈ ತೊಡಕನ್ನು ಬಿಡಿಸಲು ಬೆಂಗಳೂರಿನಲ್ಲಿ 2000ದಲ್ಲಿ ಸ್ವಯಂ ಘೋಷಣೆಯ ಪದ್ಧತಿ ಬಂದಿತು. ಮನೆಯ ಒಡೆಯನೇ ಅಳತೆ ಹೇಳಿ, ಪ್ರಕಟಿತ ದರದಂತೆ ಲೆಕ್ಕ ಹಾಕಿ ಕಟ್ಟುವುದು ಅದರ ಕ್ರಮ. 2008ರಲ್ಲಿ ನಗರವನ್ನು ಆರು ವಲಯಗಳಾಗಿ ವಿಂಗಡಿಸಿ ಚದರ ಅಡಿಗೆ ಇಷ್ಟೆಂದು ದರ ಗೊತ್ತುಮಾಡಲಾಯಿತು. ಒಂದು ಉದಾಹರಣೆಯನ್ನು ನೋಡೋಣ. ನಾಲ್ಕನೆಯ ವಲಯದಲ್ಲಿ ಒಡೆಯನೇ ವಾಸಿಸುವ 1,000 ಚದರ ಅಡಿಯ ಆರ್.ಸಿ.ಸಿ. ಮನೆಗೆ ಆಗಿನ ದರ ತಿಂಗಳಿಗೆ ಚದರ ಅಡಿಗೆ 1 ರೂಪಾಯಿ 60 ಪೈಸೆ. ವರ್ಷಕ್ಕೆ ಹತ್ತು ತಿಂಗಳನ್ನು ಮಾತ್ರ ಎಣಿಸಿದರೆ 16,000 ರೂಪಾಯಿ. ಕಟ್ಟಡದ ವಯಸ್ಸಿಗೆ ಸಲ್ಲುವ ಸವಕಳಿಯನ್ನು ಸದ್ಯಕ್ಕೆ ಬಿಟ್ಟರೆ, ಇದರ ಶೇಕಡಾ 20, ಎಂದರೆ 3,200 ರೂಪಾಯಿ ಕಂದಾಯ. ಆರೋಗ್ಯ, ಗ್ರಂಥಾಲಯ, ಭಿಕ್ಷಾಟನೆ ನಿವಾರಣೆ ಇವುಗಳ ಉಪಕರ ಕ್ರಮವಾಗಿ ಶೇಕಡಾ 15, 6 ಮತ್ತು 3. ಒಟ್ಟು 768 ರೂಪಾಯಿ. ಹೀಗೆ ಕಟ್ಟಬೇಕಾದುದು 3,968 ರೂಪಾಯಿ. ಅದೇ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ದರ ಇಮ್ಮಡಿ. ಲೆಕ್ಕ ಯಾರಿಗಾದರೂ ಅರ್ಥವಾಗುವಂತಿರುವುದೇ ಈ ಪದ್ಧತಿಯ ಗುಣ. ರಾಜ್ಯದ ಇತರ ಊರುಗಳಲ್ಲಿ ಮಾರ್ಗಸೂಚಿ ಬೆಲೆಯನ್ನು ಆಧರಿಸಿದ ಬಂಡವಾಳ ಮೌಲ್ಯದ ಪದ್ಧತಿ ಬಂದಿತು.

ಆದರೂ ಒಂದು ತೊಡಕು ಉಳಿಯಿತು. ಸಂಬಳ ಏರಿದರೆ ಆದಾಯ ತೆರಿಗೆ ತಾನಾಗಿ ಏರುತ್ತದೆ. ಬೆಲೆ ಏರಿದರೆ ಮಾರಾಟದ ತೆರಿಗೆಯೂ ಏರುತ್ತದೆ. ಚದರ ಅಡಿಗೆ ಇಷ್ಟೆಂದು ಗೊತ್ತುಮಾಡಿದ ಕಂದಾಯ ಮಾತ್ರ ಯಾರಾದರೂ ಧೈರ್ಯಮಾಡಿ ಏರಿಸುವವರೆಗೆ ನಿಂತಲ್ಲೇ ನಿಂತಿರುತ್ತದೆ. ಅಷ್ಟರಲ್ಲಿ ಪೌರಕಾರ್ಮಿಕರ ಸಂಬಳ, ಪಂಪಿನ ವಿದ್ಯುತ್ ವೆಚ್ಚ, ಬೀದಿದೀಪದ ಬೆಲೆ ಯಾವುದೂ ಕಾಯುವುದಿಲ್ಲ. ಚುನಾವಣೆಗೆ ಅಂಜಿ ವರ್ಷಗಟ್ಟಲೆ ಸುಮ್ಮನಿದ್ದು ಕೊನೆಗೆ ಒಮ್ಮೆಲೇ ಏರಿಸಿದಾಗ ಜನ ಬೆಚ್ಚಿಬೀಳುತ್ತಾರೆ. ವರ್ಷವರ್ಷವೂ ಸ್ವಲ್ಪಸ್ವಲ್ಪ ಏರಿಸುವುದೇ ಕೊಡುವವನಿಗೂ ಸಹ್ಯ, ಪಡೆಯುವವನಿಗೂ ಹಿತ.

ಇಲ್ಲಿ ಮರೆಯಬಾರದ ಇನ್ನೊಂದು ಸಂಗತಿಯಿದೆ. ಮನೆಯ ಬೆಲೆ ಏರಿದ ಮಾತ್ರಕ್ಕೆ ಒಡೆಯನ ಕೈಯಲ್ಲಿ ಹಣ ಏರುವುದಿಲ್ಲ. ಮೂವತ್ತು ವರ್ಷಗಳ ಹಿಂದೆ ಕಟ್ಟಿದ ಮನೆಯಲ್ಲಿ ಪಿಂಚಣಿಯನ್ನೇ ನಂಬಿ ಬದುಕುವ ವೃದ್ಧ ದಂಪತಿಗಳಿಗೆ ಸುತ್ತಲಿನ ನಿವೇಶನಗಳ ಬೆಲೆ ಗಗನಕ್ಕೇರಿದರೆ ಲಾಭವೇನು? ಮನೆಯನ್ನು ಮಾರಿದರಷ್ಟೇ ಅದು ಲಾಭ. ಆದ್ದರಿಂದ ವಾಸದ ಮನೆಗೆ ಕಡಿಮೆ ದರ, ಹಳೆಯ ಕಟ್ಟಡಕ್ಕೆ ಸವಕಳಿ, ಕಂತಿನ ಸೌಲಭ್ಯ ಇವನ್ನು ಔದಾರ್ಯವೆಂದು ಬಗೆಯಬಾರದು. ಇವು ನ್ಯಾಯದ ಅಂಗಗಳೇ. ಹಾಗೆಯೇ ಪಟ್ಟಿಯಲ್ಲೇ ಸೇರದ ಕಟ್ಟಡಗಳನ್ನು ಸೇರಿಸದೆ, ಪ್ರಾಮಾಣಿಕವಾಗಿ ಕಟ್ಟುವವನ ಮೇಲೆಯೇ ಮತ್ತಷ್ಟು ಹೊರಿಸುವುದು ಸಲ್ಲದು.

ಎಲ್ಲಕ್ಕಿಂತ ಮುಖ್ಯವಾದುದು, ಏರಿಸುವವರು ಯಾರು ಎಂಬ ಪ್ರಶ್ನೆ. ಮೂರು ಲಕ್ಷಕ್ಕೂ ಮಿಕ್ಕ ಜನಸಂಖ್ಯೆಯ ಪೌರಸಂಸ್ಥೆಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನವೇ ಹೇಳುತ್ತದೆ. ಆದರೆ ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾಯಿತ ಸಭೆಯಿಲ್ಲದೆ ಅಧಿಕಾರಿಗಳೇ ಆಯವ್ಯಯವನ್ನು ಸಿದ್ಧಪಡಿಸಿದರು. ಕಂದಾಯವನ್ನು ಕೊಟ್ಟವನಿಗೆ ‘ನನ್ನ ಹಣ ಎಲ್ಲಿ ಹೋಯಿತು?’ ಎಂದು ಕೇಳಲು ತಾನು ಆರಿಸಿದ ಸದಸ್ಯನೇ ಇಲ್ಲದಿದ್ದರೆ, ಕಂದಾಯ ದಂಡದಂತೆ ಕಾಣುವುದರಲ್ಲಿ ಆಶ್ಚರ್ಯವೇನು?

‘ಹೊಳೆಗೆ ಸುರಿದರೂ ಅಳೆದು ಸುರಿ’ ಎಂದರು ನಮ್ಮ ಹಿರಿಯರು. ನಗರಸಭೆ ಹೆಚ್ಚು ಕೇಳಲಿ. ಆದರೆ ಯಾವ ವಾರ್ಡಿನಿಂದ ಎಷ್ಟು ಬಂದಿತು, ಯಾವ ಬೀದಿಗೆ ಎಷ್ಟು ಸಂದಿತು ಎಂಬ ಲೆಕ್ಕವನ್ನು ಜನರ ಮುಂದಿಡಲಿ. ಪೌರನೂ ಕಂದಾಯವನ್ನು ಸಕಾಲದಲ್ಲಿ ಕಟ್ಟಲಿ. ಕಟ್ಟಿದ ಮೇಲೆ ಸುಮ್ಮನಿರದೆ ಆ ಲೆಕ್ಕವನ್ನು ಕೇಳಲಿ.